ಹಿಂದಿನ ಸೀಟಿನ ಬೆಲ್ಟು, ಮಡಿಲ ತುಂಬ ಉಡಿ

ಬೆಳಿಗ್ಗೆ ಆರೂವರೆಗೆ ಆಳಂದದ ಮನೆಯಿಂದ ಕಾರು ತೆಗೆದೆ. ಹೊಸ ಕಾರು ಬಂದು ಹನ್ನೆರಡು ದಿನ, ನನ್ನ ಲೈಸೆನ್ಸಿಗೆ ಐದು ತಿಂಗಳು, ನನಗೆ ಐವತ್ತಾರು ವರ್ಷ. "ಡ್ರೈವರ್‌ನ ಕರ್ಕೊಂಡು ಹೋಗಬಾರ್ದೇನು?" ಎಂದು ನಮ್ಮ ಮನೆಯವರು ಗೇಟು ತೆರೆಯುತ್ತ ಮೂರನೇ ಸಲ ಕೇಳಿದರು. "ಮಗಳು ನನ್ನಾಕಿ, ಗಾಡಿ ನಂದು. ನಾನೇ ಕರ್ಕೊಂಡು ಬರ್ತೇನಿ" ಎಂದೆ. ಅವರು ಗಾಜಿನ ಮೇಲಿನ ಇಬ್ಬನಿ ಒರೆಸಿದರು.

ಜೇವರ್ಗಿಯಲ್ಲಿರುವ ಮಗಳು ಸವಿತಾಳಿಗೆ ಏಳು ತಿಂಗಳು. ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಬೇಕು. ಕಲಬುರಗಿ ಮೇಲೆ ಹೋಗುವುದು ಸಲೀಸು, ಆದರೆ ಬಸುರಿಯನ್ನು ಕರೆಯಲು ಒಬ್ಬಳೇ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಅಫಜಲಪುರದಲ್ಲಿ ನನ್ನ ಅಕ್ಕ ಶಾಂತಕ್ಕನನ್ನು ಹತ್ತಿಸಿಕೊಳ್ಳಬೇಕಿತ್ತು.

ನಾನು ಒಂದೇ ಹಟ ಹಿಡಿದು ಹೊರಟಿದ್ದೆ: ಸವಿತಾ ಬೆಲ್ಟು ಹಾಕಿಕೊಂಡೇ ಬರಬೇಕು. ಮೂವತ್ತೊಂದು ವರ್ಷದ ಹಿಂದೆ ನಾನೂ ಹೀಗೇ ಖಜೂರಿಯ ಗಂಡನ ಮನೆಯಿಂದ ಆಳಂದದ ತವರಿಗೆ ಬಾಡಿಗೆ ಜೀಪಿನಲ್ಲಿ ಹೊರಟಿದ್ದೆ. ಎಮ್ಮೆ ಅಡ್ಡ ಬಂತೆಂದು ಡ್ರೈವರ್ ಬ್ರೇಕ್ ಹಾಕಿದ. ಮುಂದಿನ ಸೀಟಿನ ಕಬ್ಬಿಣದ ಸರಳಿಗೆ ನನ್ನ ಹೊಟ್ಟೆ ಬಡಿಯಿತು. ಕೂಸು ಉಳಿಯಲಿಲ್ಲ. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಆಮೇಲೆ ಹುಟ್ಟಿದ ಸವಿತಾಳಿಗೂ ಹೇಳಿರಲಿಲ್ಲ.

ಮಕ್ಕಳಿಗೆ ಗಣಿತ ಹೇಳುವವಳು ನಾನು, ಕಾರಿನ ಜೊತೆ ಬಂದ ಪುಸ್ತಕವನ್ನು ಪರೀಕ್ಷೆಗೆ ಓದಿದಂತೆ ಓದಿದ್ದೆ. ಬಸುರಿಯರೂ ಬೆಲ್ಟು ಹಾಕಲೇಬೇಕು, ಕೆಳಪಟ್ಟಿ ಹೊಟ್ಟೆಯ ಕೆಳಗೆ ಸೊಂಟದ ಎಲುಬಿನ ಮೇಲೆ, ಮೇಲಿನ ಪಟ್ಟಿ ಎದೆಯ ನಡುವಿನಿಂದ ಹೊಟ್ಟೆಯ ಬದಿಗೆ ಬರಬೇಕು ಎಂದಿತ್ತು. ಡಾಕ್ಟರನ್ನು ಕೇಳಿದಾಗ ಅವರೂ ಅದನ್ನೇ ಹೇಳಿದರು. ಸೀಟ್ ಕವರ್ ಅಂಗಡಿಯವನಂತೂ ಬೆಲ್ಟಿನ ಕೊಂಡಿಯಲ್ಲಿ ಸಿಗಿಸುವ ಒಂದು ಕ್ಲಿಪ್ಪು ಕೊಡಲು ಬಂದಿದ್ದ. "ಇದ ಹಾಕ್ರಿ ಮೇಡಂ, ಬೆಲ್ಟ್ ಕಟ್ಟಲಿಲ್ಲಂದ್ರೂ ಗಾಡಿ ಒದರಂಗಿಲ್ಲ." "ಒದರಲಿ ಅಂತನ ಈ ಗಾಡಿ ತಗೊಂಡೇನಿ" ಎಂದು ಕ್ಲಿಪ್ಪು ವಾಪಸು ಕೊಟ್ಟೆ. ಕವರೂ ಬೇಡವೆಂದೆ, ಏಕೆಂದರೆ ಪಕ್ಕದ ಏರ್‌ಬ್ಯಾಗ್ ಸೀಟಿನ ಅಂಚಿನಲ್ಲೇ ಇರುತ್ತದೆ, ಕವರು ಅದು ಬಿಚ್ಚಿಕೊಳ್ಳುವುದನ್ನು ತಡೆಯಬಹುದು.

ಊರು ದಾಟಿ ಹತ್ತು ಕಿಲೋಮೀಟರಿಗೆ ರಸ್ತೆ ಖಾಲಿ ಸಿಕ್ಕಿತು. ಹಿಂದೆ ಮುಂದೆ ನೋಡಿ, ಅರವತ್ತರ ವೇಗದಲ್ಲಿ ಬ್ರೇಕನ್ನು ಪೂರ್ತಿ ತುಳಿದೆ. ಪುಸ್ತಕದಲ್ಲಿ ಹೇಳಿದಂತೆಯೇ ಪೆಡಲು ಪಾದದ ಕೆಳಗೆ ಗಡಗಡ ನಡುಗಿತು. ಬೆಲ್ಟು ಎದೆಯನ್ನು ಬಿಗಿಯಾಗಿ ಹಿಡಿಯಿತು, ಗಾಡಿ ಜಾರದೆ ನೆಟ್ಟಗೆ ನಿಂತಿತು. ಪಕ್ಕದ ತೊಗರಿ ಹೊಲದಿಂದ ಒಬ್ಬ ಅಜ್ಜ ಕುಡುಗೋಲು ಹಿಡಿದೇ ಓಡಿ ಬಂದ.

"ಏನಾತಬೇ ಯವ್ವಾ? ಏನ್ ಅಡ್ಡ ಬಂತು?"

"ಏನಿಲ್ರಿ ಅಜ್ಜಾ, ಬ್ರೇಕ್ ಹಾಕೂದು ಕಲಿಯಾಕತ್ತೇನಿ."

"ಎಲ್ಲಾರೂ ಓಡಸೂದು ಕಲೀತಾರ. ನೀ ನಿಂದರ್ಸೂದು ಕಲಿಯಾಕತ್ತಿ! ಕಲಿ, ಕಲಿ" ಎಂದು ನಕ್ಕ. ಅವನ ಎದುರಿಗೇ ಇನ್ನೆರಡು ಸಲ ತುಳಿದು ನೋಡಿದೆ.

ಎಂಟೂವರೆಗೆ ಅಫಜಲಪುರ. ಶಾಂತಕ್ಕ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಬಡಿಸಿದಳು. ಅವಳನ್ನು ಹತ್ತಿಸಿಕೊಂಡು ಹೊರಟೆ. ಚೌಡಾಪುರದಲ್ಲಿ ಬಾಳೆಹಣ್ಣು ಕೊಳ್ಳಲು ಇಳಿದ ನಾನು ಅಭ್ಯಾಸಬಲದಿಂದ ಕೀಲಿಯ ಗುಂಡಿ ಒತ್ತಿ ಬಾಗಿಲು ಲಾಕ್ ಮಾಡಿದೆ. ಒಳಗಿದ್ದ ಶಾಂತಕ್ಕ ಸೆಕೆಯಾಗಿ ಬಾಗಿಲು ತೆರೆದಳೋ ಇಲ್ಲವೋ, ಕಳ್ಳರು ಬಂದರೆ ಕೂಗುವ ಅಲಾರಂ ಬಾಯಿ ಬಡಿದುಕೊಳ್ಳತೊಡಗಿತು. ಚಹಾದಂಗಡಿಯವರೆಲ್ಲ ಎದ್ದು ನಿಂತರು. ಓಡಿಬಂದು ಆರಿಸಿದೆ. "ಒಡಹುಟ್ಟಿದಾಕೀನ್ನ ಕಳ್ಳಿ ಮಾಡಿಬಿಟ್ಯಲ್ಲಬೇ!" ಎಂದು ಭೀಮಾ ನದಿ ದಾಟುವವರೆಗೂ ಬೈದಳು.

ಹನ್ನೊಂದರ ಸುಮಾರಿಗೆ ಜೇವರ್ಗಿ ಮುಟ್ಟಿದೆವು. ಸವಿತಾಳ ಅತ್ತೆ ಗುರಮ್ಮನವರು ಹೋಳಿಗೆ ಮಾಡಿದ್ದರು. ಊಟವಾದ ಮೇಲೆ ಸೊಸೆಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ರವಿಕೆಯ ಖಣ. ಸೆರಗಿನಲ್ಲಿ ಅದನ್ನೆಲ್ಲ ಗಂಟು ಮಾಡಿ ಹೊಟ್ಟೆಯ ಕೆಳಗೆ ಬಿಗಿದು ಸಿಗಿಸಿದರು. ಬೆಲ್ಟಿನ ಕೆಳಪಟ್ಟಿ ಬರಬೇಕಾದ್ದು ಸರಿಯಾಗಿ ಅಲ್ಲೇ.

ಕಾರಿನಲ್ಲಿ ಕೂರಿಸಿ ನೋಡಿದೆ. ಪಟ್ಟಿ ಗಂಟಿನ ಮೇಲಿಂದ ಏರಿ ಹೊಟ್ಟೆಯ ನಟ್ಟನಡುವೆ ನಿಂತಿತು. ಹಾಗೆ ಹಾಕುವುದು ಹಾಕದಿರುವುದಕ್ಕಿಂತ ಕೆಟ್ಟದ್ದು. "ಬೀಗತೇರ, ಉಡಿ ಬಿಚ್ಚಬೇಕಾಗ್ತದ" ಎಂದೆ.

ಗುರಮ್ಮನವರ ಮುಖ ಬದಲಾಯಿತು. "ಏನಂತೀರಿ? ತವರ ಹೊಸ್ತಿಲ ದಾಟೂತನಕ ತುಂಬಿದ ಉಡಿ ಬಿಚ್ಚತಾರೇನ್ರಿ? ಮತ್ತ ಬಸರ ಹೊಟ್ಟಿಗಿ ಪಟ್ಟಾ ಬಿಗೀತೀರೇನು? ಕೂಸಿಗಿ ಉಸರು ಕಟ್ಟಂಗಿಲ್ಲೇನು?"

ಹೊಟ್ಟೆಯ ಕೆಳಗೆ ಹಾಕುವುದೆಂದು ಹೇಳಿದೆ, ಪುಸ್ತಕದ ಚಿತ್ರ ತೋರಿಸಿದೆ. ಅವರು ಚಿತ್ರದ ಕಡೆ ನೋಡಲೂ ಇಲ್ಲ. ಅಳಿಯ ನೆಲ ನೋಡುತ್ತ ನಿಂತಿದ್ದ. "ಇರಲಿ ಬಿಡವ್ವಾ, ಸಾವಕಾಶ ಹೋಗೂಣು" ಎಂದಳು ಸವಿತಾ.

ಸಾವಕಾಶ! ಆ ಜೀಪೂ ಸಾವಕಾಶವೇ ಹೋಗುತ್ತಿತ್ತು. ನನಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು. ಕೀಲಿಯನ್ನು ಕಿಸೆಗೆ ಹಾಕಿಕೊಂಡು, ಮೂವತ್ತೊಂದು ವರ್ಷ ನುಂಗಿದ್ದನ್ನು ಅಂಗಳದಲ್ಲಿ ನಿಂತು ಹೇಳಿಬಿಟ್ಟೆ. ಖಜೂರಿ, ಜೀಪು, ಎಮ್ಮೆ, ಸರಳು. "ನನಗೂ ಉಡಿ ತುಂಬಿದ್ರಿ ಬೀಗತೇರ. ಅಕ್ಕಿ ಎಲ್ಲಾ ಜೀಪಿನ್ಯಾಗ ಚೆಲ್ಲಿತ್ತು. ಪಟ್ಟಾ ಇಲ್ಲದ ನಾ ಗಾಡಿ ಚಾಲೂ ಮಾಡಂಗಿಲ್ಲ. ನಾಕ್ ದಿನಾ ಆದ್ರೂ ಇಲ್ಲೇ ಇರ್ತೇನಿ."

ಶಾಂತಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗುರಮ್ಮನವರು ಕಾರಿನ ಬಾಗಿಲ ಬಳಿ ಬಂದು, ತಮ್ಮ ಸೆರಗನ್ನೇ ಹರಡಿ, ಸೊಸೆಯ ಉಡಿಯನ್ನು ಒಂದು ಕಾಳೂ ಬೀಳದಂತೆ ಅದಕ್ಕೆ ತೆಗೆದುಕೊಂಡರು. "ನೆಲಕ್ಕ ಇಡಬಾರದು, ಅಷ್ಟೇ. ನಾ ಹಿಡ್ಕೊಂಡು ಬರ್ತೇನಿ" ಎಂದು ಚೀಲವಿಲ್ಲ, ಚಾದರವಿಲ್ಲ, ಉಟ್ಟ ಸೀರೆಯಲ್ಲೇ ಸವಿತಾಳ ಪಕ್ಕ ಹತ್ತಿದರು. "ಎಲ್ಲಿ ಹಾಕೂದ್ರಿ? ಸರೀಗಿ ತೋರಸ್ರಿ." ತೋರಿಸಿದೆ. ಕೆಳಪಟ್ಟಿಯನ್ನು ಅವರೇ ಸೊಂಟದ ತನಕ ಇಳಿಸಿ, ಎರಡು ಬೆರಳು ತೂರಿಸಿ ನೋಡಿದರು. ಅವರಿಗೂ ಬೆಲ್ಟು ಹಾಕಿದೆ; ಉಡಿ ಹಿಡಿದ ಕೈ ಬಿಡಲಿಲ್ಲ.

ಬಂದ ದಾರಿಯಲ್ಲೇ ಮರಳಿದೆವು. ಐವತ್ತರ ಮೇಲೆ ಹೋಗಲಿಲ್ಲ. ಒಂದೆರಡು ಕಡೆ ರಾಶಿಗೆಂದು, ಗಾಡಿಗಳು ತುಳಿದು ಕಾಳು ಬಿಡಿಸಲೆಂದು, ರಸ್ತೆಯ ಮೇಲೆಯೇ ತೊಗರಿ ಹರಡಿದ್ದರು, ಬದಿಗೆ ಸರಿದು ದಾಟಿದೆ. ಅಫಜಲಪುರದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಅರ್ಧ ಗಂಟೆ ಹೋಯಿತು. ಶಾಂತಕ್ಕ ತನ್ನ ಮನೆಯ ಮುಂದೆ ಇಳಿದಳು. ದಾರಿಯಲ್ಲಿ ಏನೂ ಆಗಲಿಲ್ಲ. ಎಮ್ಮೆಗಳೂ ಬಂದವು, ನಿಲ್ಲಿಸಿದೆ, ಅವು ದಾಟಿದವು.

ಆಳಂದ ತಲುಪಿದಾಗ ಐದೂವರೆ. ಗುರಮ್ಮನವರು ಉಡಿ ಸಮೇತ ಇಳಿದು, ಮತ್ತೆ ತುಂಬಲು ಹೊಸ್ತಿಲ ಬಳಿ ಹೋಗಿ ನಿಂತರು. ನಾನು ಹಿಂದಿನ ಬಾಗಿಲು ತೆರೆದು ಸವಿತಾಳ ಬೆಲ್ಟು ಬಿಚ್ಚಲು ಬಗ್ಗಿದೆ. ಅವಳು ನನ್ನ ಕೈ ಹಿಡಿದುಕೊಂಡಳು.

"ಅವ್ವಾ, ಆ ಕೂಸು ಗಂಡಿತ್ತೋ, ಹೆಣ್ಣೋ?"

ಇಷ್ಟು ವರ್ಷದಲ್ಲಿ ಇದನ್ನು ನನಗೆ ಯಾರೂ ಕೇಳಿರಲಿಲ್ಲ.

"ಹೆಣ್ಣು" ಎಂದೆ.

"ಹಂಗಾದ್ರ ನನಗ ಒಬ್ಬಾಕಿ ಅಕ್ಕ ಇದ್ಲು" ಎಂದಳು ಸವಿತಾ.