ಗಾಜಿನ ಮೇಲೆ ತುಪ್ಪ

ಹಲ್ಲುಜ್ಜುವುದು ಟೂತ್‌ಪೇಸ್ಟಿನ ತೀರ ಸಣ್ಣ ಕೆಲಸ. ಇದು ನನಗೆ ಗೊತ್ತಾದದ್ದು ಅಮೆರಿಕದ ಮಿಷಿಗನ್ನಿನ ಕ್ಯಾಂಟನ್ನಿಗೆ ಬಂದ ಮೇಲೆ. ಮೈಸೂರಿನಲ್ಲಿ ನನಗೊಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸವಿತ್ತು, ಓಡಾಡಲು ಸ್ಕೂಟರ್ ಇತ್ತು, ಪೇಸ್ಟಿನ ಬಗ್ಗೆ ಯೋಚಿಸಲು ಪುರುಸೊತ್ತಿರಲಿಲ್ಲ. ಇಲ್ಲಿ ಬೇಕಾದಷ್ಟು ಪುರುಸೊತ್ತು. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. ಇದ್ದ ಒಂದೇ ಕಾರನ್ನು ನನ್ನ ಗಂಡ ಬೆಳಗ್ಗೆ ಟ್ರಾಯ್‌ನ ಆಫೀಸಿಗೆ ತೆಗೆದುಕೊಂಡು ಹೋದರೆ ಬರುವುದು ಕತ್ತಲಾದ ಮೇಲೆ. ಇಂಡಿಯನ್ ಸ್ಟೋರ್ ಮೂರು ಮೈಲಿ ದೂರ. ನಡೆದೇ ಹೋಗೋಣವೆಂದರೆ ನಮ್ಮ ಬಡಾವಣೆ ಮುಗಿದಲ್ಲಿಗೆ ಫುಟ್‌ಪಾತೂ ಮುಗಿಯುತ್ತದೆ.

ನನಗೆ ಬೇಕಿದ್ದದ್ದು ಒಂದೇ: ಯಾರನ್ನೂ ಕೇಳದೆ ಹೊರಗೆ ಹೋಗಿ ಬರುವುದು. “ಡ್ರೈವಿಂಗ್ ಕಲಿಸ್ರೀ” ಎಂದರೆ ಇವರು “ಸ್ನೋ ಕರಗ್ಲಿ ಇರು” ಎನ್ನುತ್ತಿದ್ದರು. ಸ್ನೋ ಕರಗಿತು. “ಈ ಪ್ರಾಜೆಕ್ಟ್ ಒಂದು ಮುಗೀಲಿ” ಎಂದರು. ಅಷ್ಟರಲ್ಲಿ ಮತ್ತೆ ಸ್ನೋ ಬಿತ್ತು. ಮೂಗಿಗೆ ತುಪ್ಪ ಸವರುವುದು ಅನ್ನುತ್ತಾರಲ್ಲ, ಇವರು ಡಬ್ಬಿಯನ್ನೇ ಕೈಯಲ್ಲಿಟ್ಟುಕೊಂಡಿದ್ದರು.

ಆ ಸಿಟ್ಟಿಗೆ ನಾನು ಉಜ್ಜತೊಡಗಿದೆ. ಮೊದಲು ದೇವರ ಮುಂದಿನ ಬೆಳ್ಳಿ ದೀಪ. “ವಿಭೂತಿ ಸಿಗಲ್ವೇನೇ ಅಲ್ಲಿ? ಹಾಗಾದ್ರೆ ಪೇಸ್ಟ್ ಹಾಕಿ ತಿಕ್ಕು” ಎಂದು ಅಮ್ಮ ಫೋನಿನಲ್ಲಿ ಹೇಳಿದ್ದಳು. ದೀಪ ಹೊಳೆಯಿತು. ಆಮೇಲೆ ಅಡುಗೆಮನೆಯ ನಲ್ಲಿ, ಇಸ್ತ್ರಿಪೆಟ್ಟಿಗೆಯ ತಳ, ಕಟ್ಟೆಯ ಮೇಲಿನ ಅರಿಶಿನದ ಕಲೆ, ಮಗಳು ಗೋಡೆಗೆ ಬಳಿದ ಕ್ರೇಯಾನು. ಹಿಂದಿನವರು ಮೊಳೆ ಕಿತ್ತ ತೂತುಗಳಿಗೂ ಪೇಸ್ಟ್ ತುಂಬಿ ಬೆರಳಿನಿಂದ ಸವರಿದೆ, ಗೋಡೆ ಹೊಸದಾಯಿತು. ಬಾಗಿಲ ಕೀಲು ಕಿರುಗುಟ್ಟಿದರೆ ಅದಕ್ಕೂ ಅದೇ ಮದ್ದು. ಜೆಲ್ ಆಗುವುದಿಲ್ಲ, ಬಿಳಿಯದೇ ಆಗಬೇಕು. ಊರಿನಿಂದ ತಂದ ಕೆಂಪು ಆಯುರ್ವೇದದ ಪೇಸ್ಟನ್ನು ಒಮ್ಮೆ ಗೋಡೆಗೆ ಹಚ್ಚಿ, ಮೆತ್ತಿದ ಕೆಂಪನ್ನು ತೆಗೆಯಲು ಬಿಳಿ ಪೇಸ್ಟನ್ನೇ ಸುರಿದದ್ದೂ ಉಂಟು.

“ಹಲ್ಲಿಗೂ ಸ್ವಲ್ಪ ಉಳ್ಸು ಮಾರಾಯ್ತಿ” ಎಂದು ಇವರು ರೇಗಿಸುತ್ತಿದ್ದರು. ಶನಿವಾರದ ಊಟಕ್ಕೆ ಬಂದವರೆಲ್ಲ “ನಿಮ್ಮನೆ ಫಳಫಳ ಅಂತಿರುತ್ತೆ ಕಣ್ರೀ, ಹೇಗೆ ಮೈಂಟೇನ್ ಮಾಡ್ತೀರಾ” ಎಂದು ಕೇಳುತ್ತಿದ್ದರು. ನಾನು ನಕ್ಕು ಇನ್ನೊಂದು ಚಪಾತಿ ಬಡಿಸುತ್ತಿದ್ದೆ.

ಮಹಡಿಯ ಬಾತ್‌ರೂಮಿನ ಬಾಗಿಲಿಗೆ ಒಂದು ಕಥೆಯಿದೆ. ಮೂರು ವರ್ಷದ ನನ್ನ ಮಗಳು ಒಮ್ಮೆ ಒಳಗಿಂದ ಲಾಕ್ ಒತ್ತಿಕೊಂಡು, ತೆಗೆಯಲು ಬಾರದೆ ಕಿರುಚಿ ರಂಪ ಮಾಡಿದ್ದಳು. ಇವರು ಇಂಜಿನಿಯರ್ ಅಲ್ಲವೇ, ಅಂದೇ ಸಂಜೆ ಸ್ಕ್ರೂಡ್ರೈವರ್ ಹಿಡಿದು ಬಾಗಿಲ ಹಿಡಿಯನ್ನೇ ತಿರುಗಿಸಿ ಕೂರಿಸಿದರು. ಲಾಕಿನ ಗುಂಡಿ ಹೊರಗೆ ಬಂತು. “ಇನ್ನು ಅವಳು ಲಾಕ್ ಆಗೋ ಚಾನ್ಸೇ ಇಲ್ಲ” ಎಂದರು. ಅವಳು ಆಗಲಿಲ್ಲ, ನಿಜ.

ಫೆಬ್ರವರಿಯ ಒಂದು ಬೆಳಗ್ಗೆ, ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್, ನಮ್ಮೂರ ಲೆಕ್ಕದಲ್ಲಿ ಸೊನ್ನೆಗಿಂತ ಹನ್ನೆರಡು ಕೆಳಗೆ. ಕೆಳಗೆ ಒಲೆಯ ಮೇಲೆ ಬೆಣ್ಣೆ ಕಾಯಲು ಇಟ್ಟಿದ್ದೆ. ತುಪ್ಪವಾಗಲು ಇನ್ನೂ ಹೊತ್ತಿದೆ, ಅಷ್ಟರಲ್ಲಿ ಮೇಲಿನ ಕನ್ನಡಿಗೆ ಒಂದು ಕೈ ಪೇಸ್ಟ್ ಹಾಕೋಣ, ಆವಿ ಹಿಡಿಯುವುದಿಲ್ಲ ಎಂದುಕೊಂಡು ಹೊಸ ಟ್ಯೂಬು ತೆಗೆದುಕೊಂಡು ಹೋದೆ. ಮಗಳು ಹಿಂದೆಯೇ ಬಂದಳು. ಬಾಗಿಲು ಹಾಕಿಕೊಂಡಿತು, ಟಕ್ ಎಂದಿತು. ಹೊರಗೆ ಅವಳು ನಕ್ಕಳು.

“ಪುಟ್ಟಿ, ಬಾಗ್ಲು ತೆಗಿಯಮ್ಮ.”

“ಐ ಕಾಂಟ್, ಅಮ್ಮಾ. ಇಟ್ಸ್ ಸ್ಟಕ್.”

ಅವಳಿಗೆ ಗುಂಡಿ ಒತ್ತಲು ಬರುತ್ತದೆ, ತಿರುಗಿಸಲು ಬಾರದು. ಮೊದಲು ನನಗೆ ನಗುವೇ ಬಂತು. ಆಮೇಲೆ ಫೋನು ಕೆಳಗೆ ಅಡುಗೆಕಟ್ಟೆಯ ಮೇಲಿದೆ ಎಂದು ನೆನಪಾಯಿತು. ಬೆಣ್ಣೆ ನೆನಪಾಯಿತು. ಇನ್ನೊಂದೂ ನೆನಪಾಯಿತು: ಒಗ್ಗರಣೆ ಹಾಕಿದಾಗಲೆಲ್ಲ ಬಡಿದುಕೊಳ್ಳುತ್ತದೆ ಎಂದು ಹೊಗೆಯ ಅಲಾರ್ಮಿಗೆ ನಾನೇ ಪ್ಲಾಸ್ಟಿಕ್ ಶವರ್ ಕ್ಯಾಪ್ ತೊಡಿಸಿದ್ದೆ.

ಕೀಲಿನ ಕಡ್ಡಿ ಎಬ್ಬಿಸಿದರೆ ಬಾಗಿಲು ಕಳಚುತ್ತದೆ ಎಂದು ಬ್ರಷ್ಷಿನ ಹಿಡಿಯಿಂದ ಒತ್ತಿದೆ. ಮೇಲೆ ಯಾವ ಕಾಲದ್ದೋ ಬಣ್ಣ ಗಟ್ಟಿಯಾಗಿ ಕೂತಿತ್ತು. ಪೇಸ್ಟ್ ಹಚ್ಚಿದೆ, ಜಾರೀತೆಂದು. ಬ್ರಷ್ ಮುರಿಯಿತು. ಬಾಗಿಲನ್ನು ಒದ್ದೆ, ಕಾಲು ನೋಯಿತು. “ಇಲ್ಲೇ ಕೂತ್ಕೋ ಪುಟ್ಟಿ, ಕಥೆ ಹೇಳ್ತೀನಿ, ಕೆಳಗೆ ಹೋಗ್ಬೇಡ” ಎಂದು ಬಾಗಿಲ ಸಂದಿಗೆ ಬಾಯಿಟ್ಟು ಕಾಗಕ್ಕ ಗುಬ್ಬಕ್ಕನ ಕಥೆ ಶುರು ಮಾಡಿದೆ. ಗುಬ್ಬಕ್ಕನ ಮನೆಯ ಹತ್ತಿರ ಬರುವಷ್ಟರಲ್ಲಿ ಕೆಳಗಿನಿಂದ ಪರಿಮಳ ಬಂತು. ಹದವಾದ ತುಪ್ಪದ ಪರಿಮಳ. ಆ ಹೊತ್ತಿಗೆ ಒಲೆ ಆರಿಸಿ ಒಂದು ವೀಳ್ಯದೆಲೆ ಹಾಕಬೇಕು.

“ಅಮ್ಮಾ, ಐ ಸ್ಮೆಲ್ ಪಾಪ್‌ಕಾರ್ನ್” ಎಂದಳು ಮಗಳು. ಪುಟ್ಟ ಹೆಜ್ಜೆಗಳು ಮೆಟ್ಟಿಲಿಳಿಯುವುದು ಕೇಳಿಸಿತು. ನಾನು ಕೂಗಿದೆ, ಗದರಿದೆ, ಕೊನೆಗೆ ಬೇಡಿಕೊಂಡೆ. ಅವಳು ಆಗಲೇ ಕೆಳಗಿದ್ದಳು.

ಉಳಿದದ್ದು ಟಬ್ಬಿನ ಮೇಲಿನ ಕಿಟಕಿ. ಕಿಟಕಿಯೆನ್ನುವುದು ಹೆಸರಿಗೆ, ತೆಗೆಯಲು ಬಾರದ ಜೋಡಿ ಗಾಜು. ಎಷ್ಟು ಕೂಗಿದರೂ ಆಚೆ ಹೋಗುವುದಿಲ್ಲ. ಟಬ್ಬಿನೊಳಗೆ ನಿಂತು ಪೇಸ್ಟ್ ಹಿಂಡಿ ಇಂಗ್ಲಿಷಿನಲ್ಲಿ ದೊಡ್ಡದಾಗಿ ಹೆಲ್ಪ್ ಎಂದು ಬರೆದೆ. ಹಿಂದಿನ ದಾರಿಯಲ್ಲಿ ನಾಯಿ ಹಿಡಿದು ಹೋಗುತ್ತಿದ್ದ ಒಬ್ಬರು ತಲೆಯೆತ್ತಿ ನೋಡಿದರು. ನಾನು ಎರಡೂ ಕೈ ಬೀಸಿದೆ. ಅವರೂ ನಗುತ್ತ ಕೈ ಬೀಸಿ ಮುಂದೆ ಹೋದರು. ಹೊರಗಿನಿಂದ ಅಕ್ಷರ ತಿರುಗುಮುರುಗಾಗಿ ಕಾಣುತ್ತದೆಂದು ಆಗ ಹೊಳೆಯಿತು. ಮಕ್ಕಳ ಆಟ ಎಂದುಕೊಂಡಿರಬೇಕು ಪುಣ್ಯಾತ್ಮ.

ಪರಿಮಳ ಹೋಗಿ ಸೀದ ವಾಸನೆ ಬರತೊಡಗಿತು. ತೋಳಿನಿಂದ ಗಾಜು ಒರೆಸಿ ಮತ್ತೆ ಬರೆದೆ. ಕೈ ಏನು ಬರೆಯುತ್ತಿದೆಯೆಂದು ನೋಡಲಿಲ್ಲ. ಬರೆದಾದ ಮೇಲೆ ನೋಡಿದರೆ, ಗಾಜಿನ ತುಂಬ ಕನ್ನಡದಲ್ಲಿ “ತುಪ್ಪ”. ಎಂಥ ದಡ್ಡಿ ನಾನು. ಮಿಷಿಗನ್ನಿನ ಹಿಮದಲ್ಲಿ ತುಪ್ಪವನ್ನು ಓದುವವರು ಯಾರು? ಟ್ಯೂಬಿನಲ್ಲಿ ಪೇಸ್ಟ್ ಮುಗಿದಿತ್ತು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ನಮ್ಮ ಹಿತ್ತಲಿಗೆ ತಾಗಿದ ಹಿಂದಿನ ಮನೆಯ ಹೆಂಗಸು ತನ್ನ ಅಡುಗೆಮನೆಯ ಕಿಟಕಿಯಲ್ಲಿ ನಿಂತದ್ದು ಆಗ ಕಂಡಿತು. ತಲೆಗೆ ಸ್ಕಾರ್ಫ್ ಕಟ್ಟುವ, ನನಗಿಂತ ಸ್ವಲ್ಪ ದೊಡ್ಡವಳು. ಬಂದಾಗಿನಿಂದ ನಮ್ಮಿಬ್ಬರ ನಡುವೆ ಹಾಯ್, ಹಲೋ ಬಿಟ್ಟು ಇನ್ನೊಂದು ಮಾತಿಲ್ಲ. ಪಾಕಿಸ್ತಾನದವಳೋ ಹೈದರಾಬಾದಿನವಳೋ ಎಂದುಕೊಂಡು ನಾನು ಸುಮ್ಮನಿದ್ದೆ. ಆಕೆ ನನ್ನ ಗಾಜನ್ನು ನೋಡಿದಳು, ಕತ್ತು ಓರೆ ಮಾಡಿ ಇನ್ನೊಮ್ಮೆ ನೋಡಿದಳು. ನಾನು ಕೆಳಗೆ, ಕೆಳಗೆ ಎಂದು ಬೆರಳು ತೋರಿಸಿದೆ. ಮರುಕ್ಷಣ ಆಕೆ ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಹಿಮದಲ್ಲಿ ಓಡಿ ಬರುತ್ತಿದ್ದಳು, ಬೆನ್ನಿಗೇ ಆಕೆಯ ಮಗನೂ.

ಹಿತ್ತಲ ಗಾಜಿನ ಬಾಗಿಲಿಗೆ ಚಿಲಕ ಹಾಕಿತ್ತು. ಅದು ಮಗಳ ಕೈಗೆ ಎಟುಕುತ್ತದೆ, ಆದರೆ ಯಾರೇ ಬಂದರೂ ತೆಗೆಯಬೇಡ ಎಂದು ದಿನಾ ತಲೆಗೆ ತುಂಬಿದವಳೂ ನಾನೇ. ಕೆಳಗೆ ಏನಾಗುತ್ತಿದೆಯೆಂದು ಕೇಳಲು ಬಾಗಿಲಿಗೆ ಕಿವಿಯಿಟ್ಟು ನಿಂತೆ. ಕಣ್ಣು ಉರಿಯುತ್ತಿತ್ತು, ಸಂದಿಯಿಂದ ಹೊಗೆ ಬರುತ್ತಿತ್ತು. ದೇವರೇ, ಆ ಕೂಸಿಗೆ ಏನೂ ಆಗದಿರಲಿ ಎಂಬುದೊಂದು ಬಿಟ್ಟು ಬೇರೇನೂ ಬಾಯಿಗೆ ಬರಲಿಲ್ಲ.

ಮೆಟ್ಟಿಲ ಮೇಲೆ ಎರಡು ಜೊತೆ ಹೆಜ್ಜೆ ಕೇಳಿಸಿತು. ಟಕ್ ಎಂದಿತು. ಬಾಗಿಲು ತೆರೆಯಿತು. ಆಕೆಯ ಸೊಂಟದ ಮೇಲೆ ನನ್ನ ಮಗಳು ಕೂತಿದ್ದಳು, ಹಿಂದೆ ಒದ್ದೆ ಚಪ್ಪಲಿ ತೊಟ್ಟ ಆಕೆಯ ಮಗ ನಿಂತಿದ್ದ.

“ಒಲಿ ಆರಿಸೇನ್ರಿ. ಮ್ಯಾಲ ತಾಟ ಮುಚ್ಚೇನಿ. ಹುಡುಗಿಗೆ ಏನೂ ಆಗಿಲ್ಲ, ಸೋಫಾದ ಮ್ಯಾಗ ಕುಂತಿತ್ತು” ಎಂದಳು. ಅಪ್ಪಟ ಹುಬ್ಬಳ್ಳಿ ಕಡೆಯ ಕನ್ನಡ. ನಾನು ಮಗಳನ್ನು ಕಿತ್ತುಕೊಂಡು ಅಪ್ಪಿಕೊಂಡೆ, ಅವಳ ಕೂದಲಿಗೆಲ್ಲ ಪೇಸ್ಟ್ ಮೆತ್ತಿತು.

“ನೀವು ಕನ್ನಡದವ್ರಾ?” ಎಂದೆ.

“ಮನ್ಯಾಗ ಉರ್ದು. ಸಾಲಿ ಕಲ್ತಿದ್ದೆಲ್ಲಾ ಕನ್ನಡ. ನಾ ನಿಮ್ಮನ್ನ ತೆಲುಗಿನವ್ರು ಅಂದ್ಕೊಂಡಿದ್ದೆ” ಎಂದಳು. “ಅಕ್ಷರ ಉಲ್ಟಾ ಇದ್ವು. ಆದ್ರ ಪ ಅಕ್ಷರದ ಕೆಳಗ ಇನ್ನೊಂದು ಪ ಜೋತಾಡೂದು ಕಂಡ ಕೂಡ್ಲೆ ಗೊತ್ತಾತು. ತುಪ್ಪ ಅಂತ ಓದಿ ಮೊದ್ಲ ನಗು ಬಂತ್ರಿ. ಆಮ್ಯಾಲ ನಿಮ್ಮ ಮಾರಿ ನೋಡಿದೆ.”

ಬಾಗಿಲು ಯಾಕೆ ತೆಗೆದೆ ಎಂದು ಮಗಳನ್ನು ಕೇಳಿದರೆ “ಷಿ ಸ್ಪೀಕ್ಸ್ ಅಜ್ಜಿ” ಎಂದಳು. ಫೋನಿನಲ್ಲಿ ಅಜ್ಜಿ ಆಡುವ ಭಾಷೆಯ ಹೆಸರು ಅಜ್ಜಿ ಎಂದೇ ಅವಳು ತಿಳಿದಿದ್ದಳು.

ಕೆಳಗೆ ಬಂದೆವು. ಪಾತ್ರೆಯ ತಳದಲ್ಲಿ ಕರಿ, ಚಾವಣಿಯಲ್ಲಿ ಮಸಿ. ಅಲಾರ್ಮಿನ ಶವರ್ ಕ್ಯಾಪನ್ನು ಆಕೆಯೇ ಕುರ್ಚಿ ಹತ್ತಿ ತೆಗೆದಳು, ಅದು ಬಡಿದುಕೊಂಡಷ್ಟು ಹೊತ್ತು ಬಡಿದುಕೊಂಡು ಸುಮ್ಮನಾಯಿತು. ಆಕೆ ಕೈ ತೊಳೆಯಲು ನಲ್ಲಿ ಬಿಟ್ಟಳು. ಅಲ್ಲೇ ನಿಂತಳು. ನಲ್ಲಿಯನ್ನು ನೋಡಿದಳು, ಇಸ್ತ್ರಿಪೆಟ್ಟಿಗೆ ನೋಡಿದಳು, ದೇವರ ದೀಪ ನೋಡಿದಳು. ಈಗ ಹೊಗಳುತ್ತಾಳೆ ಎಂದುಕೊಂಡೆ, ಎಲ್ಲರೂ ಹೊಗಳುತ್ತಾರಲ್ಲ.

“ಹೊರಗ ಹೋಗಿ ಎಷ್ಟ ದಿನಾ ಆತ್ರಿ ನೀವು?” ಎಂದಳು.

“ಶನಿವಾರ ನೋವೈ ಊರಿನ ದೇವಸ್ಥಾನಕ್ಕೆ ಹೋಗಿದ್ವಲ್ಲ” ಎಂದೆ.

“ಅದಲ್ರಿ. ನೀವೊಬ್ರ.”

ಲೆಕ್ಕ ಹಾಕಲು ಹೋದೆ. ಒಂದು ಸಲವೂ ನೆನಪಾಗಲಿಲ್ಲ. ಅಷ್ಟು ಹೊತ್ತು ಬಾರದ ಅಳು ಆಗ ಬಂತು, ಮಗಳ ಮುಂದೆಯೇ, ಬಿಕ್ಕಿ ಬಿಕ್ಕಿ. ಆಕೆ ನನ್ನನ್ನು ಸಮಾಧಾನ ಮಾಡಲು ಬರಲಿಲ್ಲ. ತನ್ನ ಸ್ವೆಟರಿನ ತೋಳಿಗೆ ಕೈ ಒರೆಸಿಕೊಂಡು, ನಲ್ಲಿಯ ಮೇಲೆ ಬಿದ್ದ ನೀರಿನ ಹನಿಗಳನ್ನು ಹಾಗೇ ಬಿಟ್ಟಳು.

“ನಮ್ಮನಿ ನಳಾನೂ ಹಿಂಗ ಹೊಳೀತಿತ್ರಿ,” ಎಂದಳು, “ನಾ ಗಾಡಿ ಕಲಿಯೂ ತನಕ.”