ವನಜಳ ಓಮ್ನಿ ಹೊಗೆಯಾಡಿದ ದಿನ

ಕುಂದಾಪುರದ ಮಾರುಕಟ್ಟೆಯಲ್ಲಿ ಮೀನು ಕೊಂಡು ಬಸ್ರೂರು, ಗುಲ್ವಾಡಿ ಕಡೆ ಮನೆಮನೆಗೆ ಮಾರುವ ಹೆಂಗಸರನ್ನು ವನಜ ತನ್ನ ಓಮ್ನಿಯಲ್ಲಿ ಕರೆದೊಯ್ಯುತ್ತಿದ್ದಳು. ಮೊದಲು ಅವಳೂ ಅವರ ಜೊತೆ ಬುಟ್ಟಿ ಹೊತ್ತವಳೇ. ಮೀನುಬುಟ್ಟಿ ಕಂಡರೆ ಕೆಲವು ಕಂಡಕ್ಟರುಗಳು ಮುಖ ತಿರುಗಿಸುತ್ತಿದ್ದುದು ಅವಳಿಗೆ ಗೊತ್ತಿತ್ತು. ಗಂಡ ಸೋಮ ಗಂಗೊಳ್ಳಿಯ ಬೋಟಿನಲ್ಲಿದ್ದ, ಸ್ಟೇರಿಂಗ್ ಮುಟ್ಟಿದವನಲ್ಲ. 2004ರಲ್ಲಿ ಲೈಸೆನ್ಸ್ ಮಾಡಿಸಿ ಹಳೆಯ ಓಮ್ನಿ ಕೊಂಡವಳು ವನಜಳೇ.

ಮೂರನೇ ಬೇಸಿಗೆಗೆ ಗಾಡಿ ದಮ್ಮು ಕಳೆದುಕೊಂಡಿತು. ಏರು ಬಂದರೆ ಇಂಜಿನ್ ತಡವರಿಸಿ ಮಿಸ್ ಹೊಡೆಯುತ್ತಿತ್ತು, ಹಿಂದಿನಿಂದ ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು. ನಾಳೆ ತೋರಿಸೋಣ ಎಂದು ಓಡಿಸುತ್ತಲೇ ಹೋದಳು. ಒಂದು ಮಧ್ಯಾಹ್ನ ಬಸ್ರೂರಿನಲ್ಲಿ ಗದ್ದೆಯಂಚಿನ ನೆರಳಿಗೆ ಗಾಡಿ ನಿಲ್ಲಿಸಿದಳು. ಅಡಿಯಲ್ಲಿ ಒಣಹುಲ್ಲು ಬಿದ್ದಿದ್ದನ್ನು ಅವಳು ನೋಡಿರಲಿಲ್ಲ.

ಮೊದಲು ಕಂಡವಳು ಮೀನಿನ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳಾದ ಅಪ್ಪಿ. “ಹ್ವಾಯ್ ವನಜಾ, ಗಾಡಿ ಅಡಿ ಹೊಗಿ ಬತ್ತಾ ಇತ್ತ್ ಕಾಣ್!”

ವನಜ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿದಳು. ಎಲ್ಲರೂ ಸೇರಿ ಅದನ್ನು ಮುಂದಕ್ಕೆ ತಳ್ಳಿ, ಪ್ಲಾಸ್ಟಿಕ್ ಹಾಸಿದ ಬುಟ್ಟಿಗಳಲ್ಲಿ ಕರಗಿ ನಿಂತಿದ್ದ ಐಸಿನ ನೀರನ್ನು ಹುಲ್ಲಿನ ಮೇಲೆ ಸುರಿದರು. ಬೆಂಕಿ ಹೊತ್ತುವ ಮೊದಲೇ ಹೊಗೆ ಅಡಗಿತು. ಯಾರೂ ಬೈಯಲಿಲ್ಲ. ಅಪ್ಪಿ ಖಾಲಿ ಬುಟ್ಟಿ ಕೊಡವಿ, “ನಾಳೆ ಗಾಡಿ ಬಪ್ಪುದ್ ಬ್ಯಾಡ, ರಿಪೇರಿ ಮಾಡ್ಸ್” ಎಂದಳು.

ಮರುದಿನ ಮೆಕ್ಯಾನಿಕ್ ದೇವು ಗಾಡಿಯ ಅಡಿ ಮಲಗಿ, ಸೈಲೆನ್ಸರ್ ಪೈಪಿನ ನಡುವೆ ಇರುವ ತವರದ ಡಬ್ಬಿಯಂಥ ಭಾಗವನ್ನು ಬಿಚ್ಚಿ ತಂದ. ಹೊಗೆಯ ವಿಷ ಕಡಿಮೆ ಮಾಡುವ ಕನ್ವರ್ಟರ್ ಅದು. ಒಳಗೆ ಜೇನುಗೂಡಿನಂತೆ ಸಣ್ಣ ಸಣ್ಣ ತೂತುಗಳು. ಅರ್ಧಕ್ಕರ್ಧ ಮಸಿ ಕಟ್ಟಿದ್ದವು.

“ಪ್ಲಗ್ ಹಾಳಾಯ್ತ್ ವನಜಕ್ಕ. ಇಂಜಿನ್ನಗೆ ಉರಿಯದ ಪೆಟ್ರೋಲ್ ಇಲ್ಲಿ ಬಂದ್ ಉರಿತ್. ಅದ್ಕೇ ಇಷ್ಟ್ ಕಾದದ್ದ್” ಎಂದ ದೇವು. “ಒಳಗಿದ್ದದ್ ಕುಟ್ಟಿ ತೆಗಿಲಾ? ಸುಮಾರ್ ಜನ ಹಾಂಗೇ ಮಾಡ್ಸ್ತ್ರ್. ಗಾಡಿ ಲಾಯ್ಕ್ ಎಳಿತ್.”

“ಹೊಗಿ?”

“ಅದ್ ಹಾಂಗೇ ಹೊರಗ್ ಬತ್ತ್.”

ಮಾರುಕಟ್ಟೆಯಲ್ಲಿ ಗಾಡಿ ಚಾಲೂ ಇರುವಾಗಲೇ ಹಿಂಬದಿಯಲ್ಲಿ ನಿಂತು ಬುಟ್ಟಿ ಏರಿಸುವ ಹೆಂಗಸರ ಮುಖಗಳು ವನಜಳ ಕಣ್ಣಮುಂದೆ ಬಂದವು. “ಬ್ಯಾಡ. ತೊಳುಕ್ ಆತ್ತಾ ಕಾಣ್.”

ದೇವು ಡಬ್ಬಿಯನ್ನು ಕಿವಿಯ ಬಳಿ ಅಲ್ಲಾಡಿಸಿದ. ಗಲಗಲ ಎನ್ನಲಿಲ್ಲ, ಒಳಗಿನ ಗೂಡು ಒಡೆದಿರಲಿಲ್ಲ. ಅದನ್ನು ಬಿಸಿ ಸಾಬೂನುನೀರಿನಲ್ಲಿ ನೆನೆಸಿಟ್ಟ. ವನಜಳೇ ಪೈಪು ಹಿಡಿದು, ಕಪ್ಪುನೀರು ತಿಳಿಯಾಗುವವರೆಗೆ ಮೆಲ್ಲಗೆ ನೀರು ಹಾಯಿಸಿದಳು. ಬಿಸಿಲಲ್ಲಿ ಚೆನ್ನಾಗಿ ಒಣಗಿದ ಮೇಲೆ ಎತ್ತಿ ಹಿಡಿದರೆ, ಆಚೆಯ ಬೆಳಕು ಸಾವಿರ ಚುಕ್ಕೆಯಾಗಿ ಕಂಡಿತು. ಹೊಸ ಪ್ಲಗ್ ಹಾಕಿ ಜೋಡಿಸಿದಾಗ ಗಾಡಿ ಏರಿನಲ್ಲಿ ಸಲೀಸಾಗಿ ಹೋಯಿತು.

ತೊಳೆದದ್ದು ನಾಲ್ಕೈದು ವರ್ಷ ಬಾಳಿತು. ಆಮೇಲೆ ಅದನ್ನೂ ಬದಲಿಸಬೇಕಾಯಿತು. ಗಾಡಿ ಮಿಸ್ ಹೊಡೆದರೆ ಮಾತ್ರ ವನಜ ರಿಪೇರಿ ಮಾಡಿಸದೆ ಮತ್ತೆಂದೂ ಒಂದು ದಿನವೂ ಓಡಿಸಲಿಲ್ಲ.

2014ರಲ್ಲಿ ಮೊಣಕಾಲು ನೋವು ಹೆಚ್ಚಾಗಿ ಓಮ್ನಿಯನ್ನು ಬ್ರಹ್ಮಾವರದ ಒಬ್ಬ ತೆಂಗಿನಕಾಯಿ ವ್ಯಾಪಾರಿಗೆ ಮಾರಿದಳು. ತಾನೇ ಓಡಿಸಿಕೊಂಡು ಹೋಗಿ, ಪ್ಲಗ್ಗಿನ ವಿಷಯ ಎರಡೆರಡು ಸಲ ಹೇಳಿ, ಕೀ ಕೊಟ್ಟಳು. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಮಾಬುಕಳದ ಸೇತುವೆ ದಾಟುವಾಗ ಹೊಳೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ರಸ್ತೆಯ ಮೇಲೇ ಕಣ್ಣಿಟ್ಟು ಗಾಡಿ ಓಡಿಸುವವರಿಗೆ ಹಾಗೆ ನೋಡಲು ಎಲ್ಲಿ ಆಗುತ್ತದೆ?