ಗಡ್ಡೆಯೊಳಗಿನ ಹಲ್ಲೂ ನಮ್ಮ ನೆಂಟರೂ

ಸರ್ಜನ್ ಸ್ಟೀಲ್ ಟ್ರೇ ಹಿಡಿದುಕೊಂಡು ಆಪರೇಷನ್ ಥಿಯೇಟರ್‌ನಿಂದ ಹೊರಗೆ ಬಂದರು. ಟ್ರೇಯಲ್ಲಿ ಮೂಸಂಬಿ ಗಾತ್ರದ ಒಂದು ಗಡ್ಡೆ. ಸೀಳಿದ್ದರು. ಒಳಗೆ ಬೆಣ್ಣೆಯಂಥ ಜಿಡ್ಡು, ಒಂದು ಹಿಡಿ ಕೂದಲು, ಎರಡು ಹಲ್ಲು.

ಹೌದು, ಹಲ್ಲು. ನಿಮ್ಮ ಬಾಯಲ್ಲಿರುವಂಥದ್ದೇ.

ಗಡ್ಡೆ ಬೆಳೆದಿದ್ದು ನನ್ನ ಅಕ್ಕನ ಮಗಳು ಪವಿತ್ರಾಳ ಅಂಡಾಶಯದಲ್ಲಿ. ಇಪ್ಪತ್ಮೂರು ವರ್ಷ, ವೇಮಗಲ್‌ನ ಫ್ಯಾಕ್ಟರಿಯಲ್ಲಿ ಕೆಲಸ. ಈ ಆಪರೇಷನ್‌ಗೆ ಎರಡು ತಿಂಗಳ ಮೊದಲು ಹೊಟ್ಟೆನೋವೆಂದು ಕೋಲಾರದಲ್ಲಿ ಸ್ಕ್ಯಾನ್ ಮಾಡಿಸಿದಾಗಲೇ ಲೇಡಿ ಡಾಕ್ಟರ್ ಬಿಡಿಸಿ ಹೇಳಿದ್ದರು: "ಇದಕ್ಕೆ ಟೆರಟೋಮಾ ಅಂತಾರೆ. ಸಾಮಾನ್ಯವಾಗಿ ಕ್ಯಾನ್ಸರ್ ಆಗಿರಲ್ಲ, ಹೆದರಬೇಡಿ. ಈಗ್ಲೇ ಆಪರೇಷನ್ ಮಾಡಿದ್ರೆ ಗಡ್ಡೆ ಮಾತ್ರ ತೆಗೆದು ಅಂಡಾಶಯ ಉಳಿಸಬಹುದು. ಬಿಟ್ರೆ ತಿರುಚಿಕೊಳ್ಳಬಹುದು, ಒಡೆಯಲೂಬಹುದು."

ಇದರಲ್ಲಿ ಅರ್ಥವಾಗದ್ದು ಏನಿದೆ?

ಆದರೆ ಮನೆಯಲ್ಲಿ ಮೀಟಿಂಗ್ ಆಯಿತು. ಅಧ್ಯಕ್ಷತೆ ರತ್ನಮ್ಮನವರದು. ಭಾವನ ಅಕ್ಕ, ಶ್ರೀನಿವಾಸಪುರದವರು. (ಹೈಸ್ಕೂಲ್ ಟೀಚರ್. ಯಾವ ಸಬ್ಜೆಕ್ಟ್ ಅಂತೀರಾ? ವಿಜ್ಞಾನ.)

"ಮದ್ವೆ ಆಗ್ದಿರೋ ಹುಡ್ಗಿ ಹೊಟ್ಟೆ ಕುಯ್ಯಿಸ್ತೀಯೇನೇ? ಮಾತುಕತೆ ನಡೀತಿರೋ ಮುಳಬಾಗಿಲು ಗಂಡಿನ ಕಡೆಯವ್ರು ಕೇಳಿದ್ರೆ ಏನಂತೀಯಾ? ಗಡ್ಡೆ ಕರಗಿಸೋರು ನಂಗೆ ಗೊತ್ತವ್ರೆ, ಪುಡಿ ತರ್ತೀನಿ ಬಿಡು."

ಅಕ್ಕ ತಲೆಯಾಡಿಸಿದಳು. ಮಾಲೂರಿನಿಂದ ಫೋನಿನಲ್ಲಿದ್ದ ನಾನು, ಈ ಅಂಕಣದಲ್ಲಿ ವಾರವಾರ ನಿಮಗೆ ಬುದ್ಧಿ ಹೇಳುವವಳು, "ಸರಿ, ನೋಡೋಣ" ಎಂದೆ. ಪವಿತ್ರಾ ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳಂತೆ. ಅವಳನ್ನು ಯಾರೂ ಕೇಳಲಿಲ್ಲ.

ಎರಡು ತಿಂಗಳು ಬಿಸಿನೀರಲ್ಲಿ ಪುಡಿ ಕುಡಿದಳು. ಕಳೆದ ತಿಂಗಳು ಬೆಳಗಿನ ಶಿಫ್ಟ್‌ನಲ್ಲಿ, ಮೆಷಿನ್ ಮುಂದೆಯೇ ಹೊಟ್ಟೆ ಹಿಡಿದುಕೊಂಡು ಕುಸಿದಳು. ಒಂದೇ ಸಮ ವಾಂತಿ. ಪಕ್ಕದ ಮೆಷಿನ್ನಿನ ಶಬಾನಾ ಮನೆಯವರ ಅಪ್ಪಣೆಗೆ ಕಾಯಲಿಲ್ಲ. ಕಂಪನಿಯ ವ್ಯಾನ್‌ನಲ್ಲೇ ಕೋಲಾರಕ್ಕೆ ಕರೆತಂದಳು. ನಾನು ತಲುಪಿದಾಗ ಹೇಳಿದಳು: "ಆಂಟಿ, ನಿಮ್ಗೆಲ್ಲಾ ಫೋನ್ ಮಾಡ್ತಾ ಕೂತಿದ್ರೆ ಅವ್ಳು ಉಳೀತಿರ್ಲಿಲ್ಲ. ಅದ್ಕೇ ಸೀದಾ ಬಂದ್ಬಿಟ್ವಿ. ಆಪರೇಷನ್ ಫಾರ್ಮ್‌ಗೆ ಅವ್ಳೇ ಸೈನ್ ಹಾಕಿದ್ಳು."

ಅಂಡಾಶಯ ಗಡ್ಡೆಯ ಸಮೇತ ಮೂರು ಸುತ್ತು ತಿರುಚಿಕೊಂಡಿತ್ತು. ರಕ್ತ ಹರಿಯದೆ ಕಪ್ಪಾಗಿತ್ತು. ಉಳಿಸಲು ಆಗಲಿಲ್ಲ.

ಟ್ರೇ ನೋಡಿದ ರತ್ನಮ್ಮ ಎದೆ ಬಡಿದುಕೊಂಡರು. "ಅಯ್ಯೋ ದೇವುಡಾ! ಯಾರೋ ಮಾಟ ಮಾಡ್ಸಿರೋದು ಕಣೇ ಇದು! ಊಟದಲ್ಲೇ ಹಾಕವ್ರೆ!"

ಸರ್ಜನ್ ಸಮಾಧಾನದಿಂದ ವಿವರಿಸಿದರು. "ಅಂಡಾಣು ಆಗೋ ಜೀವಕೋಶಕ್ಕೆ ಚರ್ಮ, ಕೂದಲು, ಹಲ್ಲು, ಏನು ಬೇಕಾದ್ರೂ ಆಗೋ ಶಕ್ತಿ ಇರುತ್ತಮ್ಮ. ಒಂದೊಂದ್ಸಲ ಹೀಗೆ ದಾರಿ ತಪ್ಪಿ ಬೆಳೆಯುತ್ತೆ, ಅಷ್ಟೇ."

ವಿಜ್ಞಾನದ ಟೀಚರ್ ಗಂಭೀರವಾಗಿ ಕೇಳಿಸಿಕೊಂಡರು. ಸರ್ಜನ್ ಅತ್ತ ಹೋದ ಮೇಲೆ ನನ್ನ ಕಿವಿಯಲ್ಲಿ, "ಇವ್ರಿಗೇನ್ ಗೊತ್ತು ಇವೆಲ್ಲಾ?" ಎಂದರು. ಎಂಟನೇ ಕ್ಲಾಸಿಗೆ ಜೀವಕೋಶದ ಪಾಠ ಮಾಡುವುದು ಇವರೇ, ದೇವರೇ ಗತಿ!

ಅಷ್ಟರಲ್ಲಾಗಲೇ ರತ್ನಮ್ಮ ಟ್ರೇಯ ಫೋಟೋ ತೆಗೆದಾಗಿತ್ತು. ಹುಡುಗಿಗೆ ಪ್ರಜ್ಞೆ ಬರುವ ಮೊದಲೇ ಫ್ಯಾಮಿಲಿ ಗ್ರೂಪ್‌ಗೂ ಬಂತು. ಸಂಜೆ ಮುಳಬಾಗಿಲಿನಿಂದ ಇನ್ನೊಬ್ಬ ನೆಂಟರ ಫೋನ್: "ಹೊಟ್ಟೇಲಿ ಮಗು ಇತ್ತಂತೆ, ನಿಜವೇನಮ್ಮಾ?" ಎರಡು ಹಲ್ಲಿಗೆ ಕೈಕಾಲು ಮೂಡಲು ಅರ್ಧ ದಿನವೂ ಬೇಕಾಗಲಿಲ್ಲ.

ಆಮೇಲೆ ಬಯಾಪ್ಸಿ ರಿಪೋರ್ಟ್ ಬಂತು. ಕ್ಯಾನ್ಸರ್ ಇಲ್ಲ. ಇನ್ನೊಂದು ಅಂಡಾಶಯ ಚೆನ್ನಾಗಿದೆ, ಮಕ್ಕಳಾಗಲು ಒಂದೇ ಸಾಕು, ಆಗಾಗ ಸ್ಕ್ಯಾನ್ ಮಾಡಿಸುತ್ತಿರಿ ಎಂದರು ಡಾಕ್ಟರ್. ಅಕ್ಕ ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತಳು.

ಮನೆಗೆ ಬಂದ ಮೇಲೆ ರತ್ನಮ್ಮ ಬಾಗಿಲು ಮುಂದಕ್ಕೆ ಹಾಕಿ ಹೊಸ ಅಪ್ಪಣೆ ಹೊರಡಿಸಿದರು: "ಒಂದೇ ಉಳ್ದಿರೋದು ಅಂತ ಗಂಡಿನ ಕಡೆಯವ್ರಿಗೆ ಹೇಳ್ಬೇಡಿ."

ಪವಿತ್ರಾ ಹಾಸಿಗೆಯಲ್ಲಿ ಮೆಲ್ಲಗೆ ಎದ್ದು ಕೂತಳು. "ನಾನೇ ಹೇಳಾಯ್ತು, ಅತ್ತೆ. ಬೆಳಿಗ್ಗೆ ಹುಡುಗನಿಗೇ ಫೋನ್ ಮಾಡ್ದೆ. ಯೋಚ್ನೆ ಮಾಡಿ ಹೇಳ್ತೀನಿ ಅಂದ. ನಾನೂ ಯೋಚ್ನೆ ಮಾಡ್ತೀನಿ ಅಂದೆ."

ರತ್ನಮ್ಮ ಮುಂದಕ್ಕೆ ಹಾಕಿದ್ದ ಬಾಗಿಲನ್ನು ತಾವೇ ತೆರೆದು ಹೊರಗೆ ಹೋದರು.

ಅಲ್ಲ ಸ್ವಾಮಿ, ಅವಳ ಹೊಟ್ಟೆಯ ಬಗ್ಗೆ ಮೀಟಿಂಗ್ ಮಾಡಲು ನಮ್ಮನ್ನು ಕರೆದಿದ್ದಾದರೂ ಯಾರು?